ಎಂಟು ಅಡಿ ದೂರದ ಫ್ಯಾನಿಗೆ ಯಾರ ಅಪ್ಪಣೆ ಬೇಕು? ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಕೇಂದ್ರ ಗ್ರಾಹಕ ವ್ಯವಹಾರಗಳು, ಆಹಾರ ಮತ್ತು ಸಾರ್ವಜನಿಕ ವಿತರಣೆ ಹಾಗೂ ನವ ಮತ್ತು ನವೀಕರಿಸಬಹುದಾದ ಇಂಧನ ಖಾತೆಗಳ ಸಚಿವರಾದ ಮಾನ್ಯ ಶ್ರೀ ಪ್ರಹ್ಲಾದ ಜೋಶಿ ಅವರಿಗೆ,

ಗಂಗಾವತಿಯಿಂದ ನಮಸ್ಕಾರಗಳು. ನಾನು ಐಟಿಐ ಓದಿ, 22 ವರ್ಷಗಳಿಂದ ಗಂಗಾವತಿ, ಕಾರಟಗಿ, ಕನಕಗಿರಿ ಸುತ್ತಮುತ್ತ ಮನೆಗಳ ವೈರಿಂಗ್ ಮತ್ತು ಹೊಲಗಳ ಪಂಪ್‌ಸೆಟ್ ಕೆಲಸ ಮಾಡಿಕೊಂಡು ಬಂದಿರುವ ವಿದ್ಯುತ್ ಗುತ್ತಿಗೆದಾರ. ತಾವು ಧಾರವಾಡ ಕ್ಷೇತ್ರದ ಪ್ರತಿನಿಧಿ. ನಮ್ಮ ಭಾಷೆ, ನಮ್ಮ ಬೇಸಿಗೆ ಎರಡನ್ನೂ ಬಲ್ಲವರು. ಆದ್ದರಿಂದ ದೆಹಲಿಗೆ ಬರೆಯುವ ಈ ಪತ್ರವನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನನ್ನ ಮನವಿ ಒಂದೇ. ಹಣ ಕೊಟ್ಟು ಕೊಂಡ ಸ್ಮಾರ್ಟ್ ಸ್ವಿಚ್ಚು, ಫ್ಯಾನು, ಬಾಗಿಲ ಬೀಗ, ಕ್ಯಾಮೆರಾ, ಪಂಪಿನ ಸ್ಟಾರ್ಟರು, ಸೋಲಾರ್ ಇನ್ವರ್ಟರು, ಇವೆಲ್ಲ ತಾವಿರುವ ಜಾಗದಲ್ಲಿ, ಇಂಟರ್‌ನೆಟ್ ಇದ್ದರೂ ಇಲ್ಲದಿದ್ದರೂ, ತಯಾರಿಸಿದ ಕಂಪನಿ ಉಳಿದರೂ ಮುಚ್ಚಿದರೂ, ಕೊಂಡವರ ಮಾತು ಕೇಳುವಂತಿರಬೇಕು ಎಂಬ ನಿಯಮವನ್ನು ತಮ್ಮ ಸಚಿವಾಲಯ ಮಾಡಬೇಕು.

ಈ ವಿಷಯ ನನಗೆ ಅಂಟಿಕೊಂಡದ್ದು ನನ್ನ ತಾಯಿಯಿಂದ. 2021ರಲ್ಲಿ ಆಕೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದವು. ಎದ್ದು ಹೋಗಿ ಸ್ವಿಚ್ ಒತ್ತಲು ಆಗದ ಆಕೆಗಾಗಿ, ಆಕೆಯ ಕೋಣೆಯ ಸ್ವಿಚ್ ಬೋರ್ಡಿನ ಹಿಂದೆ ಒಂದು ವೈಫೈ ಮಾಡ್ಯೂಲ್ ಕೂಡಿಸಿ, ಸಿಮ್ ಇಲ್ಲದ ಹಳೆಯ ಫೋನೊಂದರಲ್ಲಿ ಆ ಕಂಪನಿಯ ಆ್ಯಪ್ ಹಾಕಿಕೊಟ್ಟೆ. ಎಡಗೈಯ ಹೆಬ್ಬೆರಳಿನಿಂದ ಫ್ಯಾನಿನ ಚಿತ್ರ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು. ಯಾರನ್ನೂ ಕೂಗಿ ಕರೆಯದೆ ತನ್ನ ಕೋಣೆಯ ದೀಪವನ್ನು ತಾನೇ ಹಚ್ಚಿ ಆರಿಸುವುದು ಆಕೆಗೆ ಎಷ್ಟು ದೊಡ್ಡ ಸಮಾಧಾನ ತಂದಿತ್ತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ನಾನು ಈ ಉಪಕರಣಗಳನ್ನು ಮನಸಾರೆ ಹೊಗಳಿ ಊರ ತುಂಬ ಹಾಕಿಕೊಟ್ಟೆ.

2023ರ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಚರಂಡಿ ಕಾಮಗಾರಿಗೆ ನೆಲ ಅಗೆಯುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ ಇಂಟರ್‌ನೆಟ್‌ನ ಫೈಬರ್ ಕೇಬಲ್ ತುಂಡಾಯಿತು. ನಾನು ಕನಕಗಿರಿಯಲ್ಲಿ ಕೆಲಸದ ಮೇಲಿದ್ದೆ, ಹೆಂಡತಿ ಬಂಧುಗಳ ಮನೆಯ ಸೀಮಂತಕ್ಕೆ ಹೋಗಿದ್ದಳು. ಊಟ ಮುಗಿದು ಫ್ಯಾನ್ ಬಂದ್ ಮಾಡಿ ಅರೆಗಳಿಗೆ ಕಣ್ಣುಮುಚ್ಚಿದ್ದ ತಾಯಿ, ಸೆಕೆಗೆ ಎಚ್ಚರವಾಗಿ ಮತ್ತೆ ಫ್ಯಾನ್ ಹಾಕಲು ಹೋದರೆ ಆ್ಯಪ್‌ನಲ್ಲಿ ಬಿಳಿ ಉಂಗುರವೊಂದು ಸುತ್ತುತ್ತಲೇ ಇತ್ತು. ಹೆಂಡತಿ ಮರಳಿದಾಗ ಸಂಜೆ ಐದಾಗಿತ್ತು. ದಿಂಬು, ಸೀರೆ, ಕೂದಲು ಎಲ್ಲ ಬೆವರಿನಲ್ಲಿ ತೊಯ್ದು, ಫೋನು ಇನ್ನೂ ಎಡಗೈಯಲ್ಲಿಯೇ ಇತ್ತು. ರಾತ್ರಿ ನಾನು ಮನೆಗೆ ಬಂದಾಗ ಆಕೆ ಕೇಳಿದ್ದು ಒಂದೇ ಮಾತು: "ಕರೆಂಟ್ ಇತ್ತಲ್ಲೋ, ಫ್ಯಾನ್ ಯಾಕ ತಿರುಗಲಿಲ್ಲ?" ಬೋರ್ಡಿಗೆ ಟೆಸ್ಟರ್ ಹಚ್ಚಿದರೆ ದೀಪ ಹತ್ತುತ್ತಿತ್ತು. ಫೇಸ್ ಸರಿ, ನ್ಯೂಟ್ರಲ್ ಸರಿ, ಫ್ಯಾನ್ ಸರಿ. ಇಷ್ಟು ವರ್ಷ ವೈರಿಂಗ್ ಮಾಡಿದವನಾಗಿಯೂ ತಾಯಿಯ ಪ್ರಶ್ನೆಗೆ ನನ್ನ ಕೆಲಸದ ಭಾಷೆಯಲ್ಲಿ ಉತ್ತರವಿರಲಿಲ್ಲ.

ಉತ್ತರ ಬೇರೆಲ್ಲೋ ಇತ್ತು. ಹಾಸಿಗೆಯಿಂದ ಆ ಸ್ವಿಚ್ ಬೋರ್ಡಿಗೆ ಅಳೆದರೆ ಎಂಟು ಅಡಿ. ಆದರೆ ತಾಯಿ ಒತ್ತಿದ ಆಜ್ಞೆ ಆ ಎಂಟು ಅಡಿಯನ್ನು ನೇರವಾಗಿ ದಾಟುತ್ತಿರಲಿಲ್ಲ. ಫೋನಿನಿಂದ ರೂಟರಿಗೆ, ರೂಟರಿನಿಂದ ಫೈಬರಿಗೆ, ಅಲ್ಲಿಂದ ನಾವು ಕಾಣದ ಯಾವುದೋ ಊರಿನ ಸರ್ವರಿಗೆ ಹೋಗಿ, ಅಲ್ಲಿ ಇವರು ನಮ್ಮ ಖಾತೆದಾರರು ಹೌದೋ ಅಲ್ಲವೋ ಎಂಬ ಪರಿಶೀಲನೆ ಮುಗಿದ ಮೇಲೆ, ಬಂದ ದಾರಿಯಲ್ಲೇ ಹಿಂದಿರುಗಿ ಅದೇ ರೂಟರಿನ ಮೂಲಕ ಗೋಡೆಯೊಳಗಿನ ರಿಲೇಗೆ, ಅಂದರೆ ಆಜ್ಞೆ ಬಂದಾಗ ತಾನೇ ಕರೆಂಟ್ ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚಿಗೆ, ತಲುಪುತ್ತಿತ್ತು. ಫೋನು ಮತ್ತು ಮಾಡ್ಯೂಲು ಎರಡೂ ಒಂದೇ ರೂಟರಿಗೆ ಜೋಡಿಸಿಕೊಂಡಿದ್ದವು. ಅವೆರಡೂ ನೇರವಾಗಿ ಮಾತಾಡಲು ತಾಂತ್ರಿಕವಾಗಿ ಏನೂ ಅಡ್ಡಿಯಿರಲಿಲ್ಲ. ಮಾತಾಡಕೂಡದೆಂದು ಕಂಪನಿ ಅದರ ತಂತ್ರಾಂಶದಲ್ಲಿ ಬರೆದಿತ್ತು, ಅಷ್ಟೇ.

ಫೈಬರ್ ಮರುದಿನ ಜೋಡಣೆಯಾಯಿತು. ಆದರೆ ಮುಂದಿನ ವರ್ಷ ಅದೇ ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸೂಚನೆ ಬಂತು: 30 ದಿನಗಳಲ್ಲಿ ಸೇವೆ ನಿಲ್ಲುತ್ತದೆ. ಅಷ್ಟರಲ್ಲಿ ನಾನು 17 ಮನೆಗಳಿಗೆ ಆ ಮಾಡ್ಯೂಲ್ ಹಾಕಿದ್ದೆ. ಸೂಚನೆಯನ್ನು ಓದಿ ಅರ್ಥ ಮಾಡಿಕೊಂಡವರು ಇಬ್ಬರು. ಉಳಿದವರೆಲ್ಲ ಗಡುವು ಮುಗಿದ ಬೆಳಿಗ್ಗೆ ನನಗೇ ಫೋನ್ ಮಾಡಿದರು. ಅದರಲ್ಲಿ ತಪ್ಪೇನಿಲ್ಲ, ಬಿಲ್ಲಿನ ಮೇಲೆ ಇದ್ದದ್ದು ನನ್ನ ಅಂಗಡಿಯ ಹೆಸರು, ನಾನು ಕೊಟ್ಟ ಭರವಸೆ. ಒಂದು ವರ್ಷದ ವಾರಂಟಿ ಮುಗಿದಿತ್ತಾದ್ದರಿಂದ ಕಂಪನಿಯಿಂದ ಸಿಕ್ಕಿದ್ದು ವಿಷಾದದ ಮಿಂಚಂಚೆ ಮಾತ್ರ. ಯಾವ ಮಾಡ್ಯೂಲೂ ಸುಟ್ಟಿರಲಿಲ್ಲ, ಯಾವ ರಿಲೇಯೂ ಕೆಟ್ಟಿರಲಿಲ್ಲ.

ಸಚಿವರೇ, ಮುಂದೆ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಬೇಕು, ಏಕೆಂದರೆ ನನ್ನ ಬೇಡಿಕೆ ಸಾಧ್ಯವಾದದ್ದು ಎಂಬುದಕ್ಕೆ ಅದೇ ಸಾಕ್ಷಿ. ಡಿಪ್ಲೊಮಾ ಓದುತ್ತಿರುವ ನನ್ನ ತಂಗಿಯ ಮಗ ರಜೆಯಲ್ಲಿ ಬಂದಿದ್ದ. ಮೇನ್ ಬಂದ್ ಮಾಡಿ, ತಾಯಿಯ ಕೋಣೆಯ ಮಾಡ್ಯೂಲ್ ಬಿಚ್ಚಿ ಮೇಜಿನ ಮೇಲಿಟ್ಟೆವು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಳಗೆ ನೀಲಿ ಬಣ್ಣದ ನಾಲ್ಕು ರಿಲೇಗಳು, ಒಂದು ಸಣ್ಣ ಪವರ್ ಸಪ್ಲೈ, ಮೂಲೆಯಲ್ಲಿ ತಗಡಿನ ಮುಚ್ಚಳದ ಕೆಳಗೆ ಇಎಸ್‌ಪಿ8266 ಎಂಬ ಚಿಪ್ಪು. ಚೀನಾದ ಎಸ್‌ಪ್ರೆಸಿಫ್ ಸಂಸ್ಥೆಯ ಈ ಚಿಪ್ಪು 2014ರಿಂದ ಜಗತ್ತಿನ ಎಷ್ಟೋ ಅಗ್ಗದ ಸ್ಮಾರ್ಟ್ ಉಪಕರಣಗಳ ಹೃದಯ. ಅದರ ಪಕ್ಕದಲ್ಲಿ ಬೆಸುಗೆ ಹಾಕದೆ ಬಿಟ್ಟ ನಾಲ್ಕು ತೂತುಗಳಿದ್ದವು: 3.3 ವೋಲ್ಟ್, ಕಳಿಸುವುದು, ಪಡೆಯುವುದು, ಅರ್ತ್. ಹುಡುಗ ಅವಕ್ಕೆ ಕೂದಲೆಳೆಯಂಥ ನಾಲ್ಕು ತಂತಿ ಬೆಸೆದು, ಚಿಪ್ಪಿನ ಸೊನ್ನೆ ಸಂಖ್ಯೆಯ ಕಾಲನ್ನು ಅರ್ತ್‌ಗೆ ತಾಗಿಸಿ ಹಿಡಿದು, ಲ್ಯಾಪ್‌ಟಾಪಿನಿಂದ ಕರೆಂಟ್ ಕೊಟ್ಟ. 5 ವೋಲ್ಟ್ ಕೊಟ್ಟರೆ ಚಿಪ್ಪು ಹೋಗುತ್ತದೆಂದು ಎರಡು ಸಲ ಮೀಟರ್ ಹಿಡಿದು ನೋಡಿದೆವು. ಆಮೇಲೆ ಟಾಸ್ಮೋಟಾ ಎಂಬ ಮುಕ್ತ ತಂತ್ರಾಂಶವನ್ನು ಅದರೊಳಗೆ ತುಂಬಿದೆವು. ಅದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ, ಯಾವ ಖಾತೆಯನ್ನೂ ತೆರೆಯಬೇಕಾಗಿಲ್ಲ. ಐದು ನಿಮಿಷವೂ ಹಿಡಿಯಲಿಲ್ಲ. ಮಾಡ್ಯೂಲ್ ತನ್ನದೇ ಒಂದು ವೈಫೈ ಹೆಸರು ತೋರಿಸಿತು. ಫೋನನ್ನು ಅದಕ್ಕೆ ಜೋಡಿಸಿ ಬ್ರೌಸರಿನಲ್ಲಿ 192.168.4.1 ಎಂದು ಬರೆದಾಗ ಅದರ ಪುಟ ತೆರೆಯಿತು. ನಮ್ಮ ರೂಟರಿನ ಹೆಸರು, ಪಾಸ್‌ವರ್ಡ್ ಕೊಟ್ಟೆವು. ಬಳಿಕ ರೂಟರಿನಿಂದ ಫೈಬರ್ ತಂತಿಯನ್ನು ಕಿತ್ತಿಟ್ಟು ಗುಂಡಿ ಒತ್ತಿದೆವು. ರಿಲೇ ಟಕ್ ಎಂದಿತು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮಾಡ್ಯೂಲ್ ಮನೆಯವರ ಮಾತನ್ನು ಮನೆಯೊಳಗೇ ಕೇಳಿತು.

ಈಗ ನಮ್ಮ ಟಿವಿಯ ಹಿಂದೆ ಸೋಪಿನ ಡಬ್ಬಿಯಷ್ಟು ದೊಡ್ಡ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಒಂದಿದೆ. ಮನೆಯ ಎಲ್ಲ ಸ್ಮಾರ್ಟ್ ಉಪಕರಣಗಳನ್ನು ಮನೆಯೊಳಗಿನಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಅದರಲ್ಲಿ ನಡೆಯುತ್ತದೆ. ಪೌಲಸ್ ಸ್ಕೌಟ್‌ಸೆನ್ ಎಂಬವರು 2013ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಮನೆಯ ಉಪಕರಣಗಳ ನಡುವಿನ ಮಾತುಕತೆಗೆ ಎಂಕ್ಯೂಟಿಟಿ ಎಂಬ ಪದ್ಧತಿ ಬಳಸುತ್ತೇವೆ. 1999ರಲ್ಲಿ ಎಣ್ಣೆಯ ಕೊಳವೆ ಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ರೂಪಿಸಿದ, ಯಾರು ಬೇಕಾದರೂ ಬಳಸಬಹುದಾದ ಪದ್ಧತಿ ಅದು. ತಾಯಿಯ ಮಂಚದ ಎಡಪಕ್ಕಕ್ಕೆ ಜಿಗ್‌ಬೀ ಎಂಬ ಕಡಿಮೆ ಶಕ್ತಿಯ ರೇಡಿಯೋ ಪದ್ಧತಿಯ ಗುಂಡಿಯೊಂದನ್ನು ಅಂಟಿಸಿದ್ದೇನೆ. ನಾಣ್ಯದಂಥ ಬ್ಯಾಟರಿಯಲ್ಲಿ ನಡೆಯುತ್ತದೆ, ವೈಫೈ ಸಹ ಬೇಡ. ಆಕೆ ಈಗ ಫೋನು ಹಿಡಿಯುವುದೇ ಇಲ್ಲ.

ಆದರೆ 17 ಮನೆಗಳಲ್ಲಿ ನಾನು ಉಳಿಸಿಕೊಡಲು ಸಾಧ್ಯವಾದದ್ದು 9 ಮನೆಗಳದ್ದು ಮಾತ್ರ. ಆಮೇಲಿನ ಖೇಪಿನ ಮಾಡ್ಯೂಲ್‌ಗಳಲ್ಲಿ ಕಂಪನಿ ಬೇರೆ ಚಿಪ್ಪು ಹಾಕಿ, ತನ್ನ ಸಹಿಯಿಲ್ಲದ ಯಾವ ತಂತ್ರಾಂಶವೂ ಅದರಲ್ಲಿ ನಡೆಯದಂತೆ ಬೀಗ ಜಡಿದಿತ್ತು. ಆ ಬೀಗವೆಂದರೆ ಚಿಪ್ಪಿನೊಳಗಿನ ಇ-ಫ್ಯೂಸ್ ಎಂಬ ಅತಿ ಸಣ್ಣ ಕೊಂಡಿ; ಒಮ್ಮೆ ಸುಟ್ಟರೆ ಅದನ್ನು ಯಾವ ಬೆಸುಗೆಯಿಂದಲೂ ಮತ್ತೆ ಕೂಡಿಸಲಾಗದು. ಆ 8 ಮನೆಗಳಲ್ಲಿ ಗಟ್ಟಿಮುಟ್ಟಾಗಿದ್ದ ಮಾಡ್ಯೂಲ್‌ಗಳನ್ನು ಕಿತ್ತು ಹಳೆಯ ಮಾದರಿಯ ಸ್ವಿಚ್ಚುಗಳನ್ನೇ ಹಾಕಿಕೊಟ್ಟೆ. ಕೂಲಿ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಈಗ ಕಾನೂನಿನ ಮಾತು. 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮು, ಮಾರಿದ ಸರಕನ್ನು ಕೊಂಡವನು ಯಾರ ಅಡೆತಡೆಯೂ ಇಲ್ಲದೆ ತನ್ನ ಸ್ವಾಧೀನದಲ್ಲಿಟ್ಟುಕೊಂಡು ಅನುಭವಿಸುವ ಹಕ್ಕನ್ನು ಪ್ರತಿಯೊಂದು ಮಾರಾಟದಲ್ಲೂ ಅಂತರ್ಗತವಾದ ಭರವಸೆಯೆಂದು ಕಾಣುತ್ತದೆ. ಎತ್ತು ಮಾರಿದವನು ಮೂರು ವರ್ಷದ ಮೇಲೆ ಬಂದು ಹಗ್ಗ ಹಿಡಿಯುವಂತಿಲ್ಲ. ಜಿಎಸ್‌ಟಿ ಕಟ್ಟಿ, ಬಿಲ್ ಪಡೆದು, ಮನೆಗೋಡೆಯೊಳಗೆ ಕೂಡಿಸಿದ ಉಪಕರಣದ ವಿಷಯದಲ್ಲಿ ಮಾತ್ರ ಮಾರಿದವನು ದೂರದಲ್ಲೇ ಕುಳಿತು ಹಗ್ಗ ಎಳೆದುಕೊಳ್ಳಬಹುದಾಗಿದೆ, ಏಕೆಂದರೆ ಆ್ಯಪ್ ತೆರೆದ ಮೊದಲ ದಿನ ಕೊಂಡವರು ಒಂದು ಉದ್ದನೆಯ ಇಂಗ್ಲಿಷ್ ಒಪ್ಪಂದಕ್ಕೆ ಬೆರಳು ಒತ್ತಿರುತ್ತಾರೆ. ಆ ಬೆರಳು ಒತ್ತದಿದ್ದರೆ ಪೆಟ್ಟಿಗೆಯಲ್ಲಿರುವ ವಸ್ತು ಕೆಲಸವನ್ನೇ ಆರಂಭಿಸುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(46)ನೇ ಕಲಮಿನಲ್ಲಿ, ಸಕಾರಣವಿಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಒಪ್ಪಂದವನ್ನು ಕೊನೆಗೊಳಿಸಲು ಅವಕಾಶ ಕೊಡುವ ಷರತ್ತು ಅನ್ಯಾಯದ ಒಪ್ಪಂದದ ಲಕ್ಷಣವೆಂದು ಸ್ಪಷ್ಟವಾಗಿ ಹೇಳಿದೆ. ಅದನ್ನು ಓದಿ ನನಗೆ ಧೈರ್ಯ ಬಂತು. ಆದರೆ ಅನ್ಯಾಯದ ಒಪ್ಪಂದದ ದೂರನ್ನು ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗ ಕೈಗೆತ್ತಿಕೊಳ್ಳುವಂತಿಲ್ಲ; ಆ ಅಧಿಕಾರವನ್ನು ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಕೊಟ್ಟಿದೆ. ಒಂದೂವರೆ ಸಾವಿರ ರೂಪಾಯಿಯ ಮಾಡ್ಯೂಲಿಗಾಗಿ ಯಾವ ಕುಟುಂಬ ರಾಜ್ಯ ಆಯೋಗದ ಮೆಟ್ಟಿಲು ಹತ್ತೀತು? ಒಬ್ಬೊಬ್ಬರ ನಷ್ಟ ಚಿಕ್ಕದೆಂಬ ಕಾರಣಕ್ಕೇ ಈ ಅನ್ಯಾಯ ಯಾವ ಆಯೋಗದ ಎದುರಿಗೂ ಬಾರದೆ ಉಳಿಯುತ್ತದೆ, ಮತ್ತು ಅದಕ್ಕಾಗಿಯೇ ನಾನು ನ್ಯಾಯಾಲಯಕ್ಕಲ್ಲದೆ ತಮಗೆ ಬರೆಯುತ್ತಿದ್ದೇನೆ.

ನಮ್ಮ ಗಂಗಾವತಿಯ 17 ಮನೆಗಳಿಗಷ್ಟೇ ಬಂದ ಕಷ್ಟ ಇದಾಗಿದ್ದರೆ ಸಚಿವರ ಸಮಯ ಕೇಳುತ್ತಿರಲಿಲ್ಲ. ಅಮೆರಿಕದಲ್ಲಿ 300 ಡಾಲರ್ ಬೆಲೆಯ ರಿವಾಲ್ವ್ ಎಂಬ ಮನೆ ನಿಯಂತ್ರಕವನ್ನು, ಆ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿ ನಿಷ್ಪ್ರಯೋಜಕಗೊಳಿಸಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತುಹೋದವು. ಬೆಲ್ಕಿನ್ ಕಂಪನಿ ತನ್ನ ವೀಮೋ ಸ್ವಿಚ್ಚುಗಳಲ್ಲಿ ಹೆಚ್ಚಿನವುಗಳ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿತು. ವೀಮೋದ ವಿಷಯದಲ್ಲಿ ಗಮನಿಸಬೇಕಾದದ್ದೊಂದಿದೆ: ಆಪಲ್‌ನ ಹೋಮ್‌ಕಿಟ್ ಪದ್ಧತಿಗೆ ಹೊಂದಿಕೊಳ್ಳುವ ಮಾದರಿಗಳು, ಮನೆಯೊಳಗೇ ಮಾತಾಡಬಲ್ಲವಾದ್ದರಿಂದ, ಆ ದಿನದ ಬಳಿಕವೂ ನಡೆಯುತ್ತವೆಂದು ಕಂಪನಿಯೇ ತಿಳಿಸಿತು. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಗಡುವು. ಒಂದು ಪೆಟ್ಟಿಗೆ ಸಾಯುತ್ತದೆ, ಇನ್ನೊಂದು ಬದುಕುತ್ತದೆ. ವ್ಯತ್ಯಾಸವಿರುವುದು ತಯಾರಿಸುವ ದಿನ ಮಾಡಿದ ಒಂದು ನಿರ್ಧಾರದಲ್ಲಿ. ನಿಯಮ ತಾಗಬೇಕಾದದ್ದು ಆ ನಿರ್ಧಾರವನ್ನೇ.

ಕಂಪನಿ ಮುಚ್ಚಲೇಬೇಕೆಂದೂ ಇಲ್ಲ. 2025ರ ಅಕ್ಟೋಬರ್ 20ರಂದು, ನಾವು ಇಲ್ಲಿ ನರಕ ಚತುರ್ದಶಿಯ ಊಟ ಮಾಡುವ ಹೊತ್ತಿಗೆ, ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಸರ್ವರ್‌ಗಳ ಕೇಂದ್ರದಲ್ಲಿ ಹೆಸರಿನಿಂದ ಸರ್ವರಿನ ವಿಳಾಸ ಹುಡುಕುವ ವ್ಯವಸ್ಥೆಯೊಂದು ಎಡವಿದ್ದರಿಂದ ಬಾಗಿಲ ಗಂಟೆಯ ಕ್ಯಾಮೆರಾಗಳು, ಧ್ವನಿ ಸಹಾಯಕಗಳು ಅನೇಕ ದೇಶಗಳಲ್ಲಿ ಮೌನವಾದವು. ಏಯ್ಟ್ ಸ್ಲೀಪ್ ಎಂಬ ಕಂಪನಿಯ ದುಬಾರಿ ಹಾಸಿಗೆಗಳು ತಮ್ಮ ಮೇಲೆ ಮಲಗಿದವರ ಮಾತು ಕೇಳಲಿಲ್ಲ. ನನ್ನ ತಾಯಿ ಅನುಭವಿಸಿದ್ದನ್ನು ಅಂದು ಅವರೂ ಅನುಭವಿಸಿದರು.

ಇನ್ನು ಹೊಲದ ಮಾತು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಸ್ಮಾರ್ಟ್ ಉಪಕರಣ ಮೊದಲು ಬಂದದ್ದು ಮನೆಗಲ್ಲ, ಪಂಪ್‌ಸೆಟ್ಟಿಗೆ. ಕೃಷಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಪಾಳಿ ನಡುರಾತ್ರಿಗೆ ಬಿದ್ದರೆ ಹಾವು ಚೇಳಿನ ಭಯದಲ್ಲಿ ಬ್ಯಾಟರಿ ಹಿಡಿದು ಬಾವಿಗೆ ಹೋಗಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ರೈತರಿಗೆ ಮೊಬೈಲ್ ಸ್ಟಾರ್ಟರ್ ಈ ಅಲೆದಾಟ ತಪ್ಪಿಸಿತು. ಮೊದಲು ಬಂದ ಸ್ಟಾರ್ಟರ್‌ಗಳು ಸರಳವಾಗಿದ್ದವು. ರೈತ ತನ್ನ ಹೆಸರಿನಲ್ಲಿ ಕೊಂಡ ಸಿಮ್ಮನ್ನು ಅದರೊಳಗೆ ಹಾಕಿ, ತನ್ನ ನಂಬರ್ ಅದರಲ್ಲಿ ಸೇರಿಸಿ, ಮನೆಯಿಂದ ಕರೆ ಮಾಡಿ ಒಂದು ಅಂಕಿ ಒತ್ತಿದರೆ ಮೋಟಾರ್ ಚಾಲೂ, ಇನ್ನೊಂದು ಅಂಕಿ ಒತ್ತಿದರೆ ಬಂದ್. ರೈತನ ಫೋನಿಗೂ ರೈತನ ಸ್ಟಾರ್ಟರಿಗೂ ನಡುವೆ ಮೊಬೈಲ್ ಟವರ್ ಬಿಟ್ಟರೆ ಇನ್ನಾರೂ ಇರಲಿಲ್ಲ. ಮಾರಿದ ಕಂಪನಿ ಮುಚ್ಚಿಹೋದ ಎಷ್ಟೋ ಸ್ಟಾರ್ಟರ್‌ಗಳು ಇಂದಿಗೂ ನಡೆಯುತ್ತಿರುವುದನ್ನು ನಾನು ನೋಡುತ್ತಿದ್ದೇನೆ, ರಿಪೇರಿ ಮಾಡುತ್ತಿದ್ದೇನೆ. ಈಚೆಗೆ ಬರುತ್ತಿರುವ ಕೆಲವು ಮಾದರಿಗಳಲ್ಲಿ ಸಿಮ್ಮು ಬೋರ್ಡಿಗೇ ಬೆಸೆದುಕೊಂಡು ಬರುತ್ತದೆ, ಆಜ್ಞೆ ಕಂಪನಿಯ ಆ್ಯಪ್ ಮೂಲಕವೇ ಹೋಗಬೇಕು, ವರ್ಷಕ್ಕೊಮ್ಮೆ ಕಂಪನಿಗೇ ರೀಚಾರ್ಜ್ ಕಟ್ಟಬೇಕು. ಕಟ್ಟುವುದು ತಡವಾದರೆ ಮತ್ತೆ ಬ್ಯಾಟರಿ ಹಿಡಿದು ಬಾವಿಗೆ ನಡೆಯಬೇಕು. ನೋಡಲು ಹೊಸದು ಚೆಂದ, ನೀರು ಎಷ್ಟು ಹರಿಯಿತೆಂದೂ ತೋರಿಸುತ್ತದೆ. ಆದರೂ ಒಡೆತನದ ಲೆಕ್ಕದಲ್ಲಿ ಹಳೆಯ ಸ್ಟಾರ್ಟರ್ ರೈತನದು, ಹೊಸದು ರೈತನ ಹೊಲದಲ್ಲಿ ಇಟ್ಟಿರುವ ಕಂಪನಿಯದು.

ಚಾವಣಿಯ ಸೋಲಾರ್ ತಮ್ಮದೇ ಇನ್ನೊಂದು ಖಾತೆಗೆ ಸೇರಿದ್ದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಗುರಿಯಿದೆ. 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಬಿಸಿಲಿಗೆ ಇದು ಹೇಳಿ ಮಾಡಿಸಿದ ಯೋಜನೆ. ನಾನೂ ಮನಃಪೂರ್ವಕವಾಗಿ ಕೆಲಸ ಮಾಡುತ್ತಿದ್ದೇನೆ. ಆದರೆ ತನ್ನ ಚಾವಣಿಯ ಮೇಲೆ ಈ ಕ್ಷಣ ಎಷ್ಟು ವಿದ್ಯುತ್ ಆಗುತ್ತಿದೆ, ನಿನ್ನೆಗಿಂತ ಏಕೆ ಕಡಿಮೆ ಎಂಬುದನ್ನು ಮನೆಯ ಯಜಮಾನ ತಿಳಿಯಬೇಕಾದರೆ, ಬಹುತೇಕ ಕಡೆ ಇನ್ವರ್ಟರಿಗೆ ಚುಚ್ಚಿದ ವೈಫೈ ಕಡ್ಡಿಯ ಮೂಲಕ ಅಂಕಿಅಂಶ ಕಂಪನಿಯ ಸರ್ವರಿಗೆ ಹೋಗಿ, ಆ್ಯಪ್ ಆಗಿ ಹಿಂದಿರುಗಬೇಕು. ಅದೇ ಇನ್ವರ್ಟರಿನ ತಳದಲ್ಲಿ ಆರ್‌ಎಸ್-485 ಎಂಬ ಎರಡು ತಂತಿಯ ಜೋಡಣೆ ಸಾಮಾನ್ಯವಾಗಿ ಇರುತ್ತದೆ. 1979ರಷ್ಟು ಹಳೆಯದಾದ, ಕಾರ್ಖಾನೆಗಳಲ್ಲೆಲ್ಲ ಬಳಸುವ ಮಾಡ್‌ಬಸ್ ಭಾಷೆಯಲ್ಲಿ ಅಲ್ಲಿಂದ ಎಲ್ಲ ವಿವರವನ್ನೂ ನೇರವಾಗಿ ಓದಬಹುದು. ಬೇಕಾಗಿರುವುದು ಯಾವ ಸಂಖ್ಯೆಯ ಖಾನೆಯಲ್ಲಿ ಯಾವ ವಿವರವಿದೆ ಎಂಬ ಒಂದು ಪಟ್ಟಿ ಮತ್ತು ಒಂದು ಪಾಸ್‌ವರ್ಡ್. ಪಟ್ಟಿ ಕೇಳಿದರೆ ಗೋಪ್ಯವೆನ್ನುತ್ತಾರೆ, ಪಾಸ್‌ವರ್ಡ್ ಕೇಳಿದರೆ ಅದು ಇನ್‌ಸ್ಟಾಲರ್‌ಗೆ ಮಾತ್ರವೆನ್ನುತ್ತಾರೆ. ಸಾರ್ವಜನಿಕ ಹಣದ ಸಹಾಯಧನ ಪಡೆದ ಪ್ರತಿಯೊಂದು ಇನ್ವರ್ಟರಿನ ಜೊತೆ ಆ ಪಟ್ಟಿಯನ್ನೂ ಆ ಪಾಸ್‌ವರ್ಡನ್ನೂ ಮನೆಯ ಒಡೆಯರ ಕೈಗೆ ಕೊಡಬೇಕೆಂದು ತಮ್ಮ ನವೀಕರಿಸಬಹುದಾದ ಇಂಧನ ಸಚಿವಾಲಯ ಒಂದು ಷರತ್ತು ಸೇರಿಸಿದರೆ ಸಾಕು.

ಕಂಪನಿಗಳ ವಾದವನ್ನು ನಾನು ಕಡೆಗಣಿಸುವುದಿಲ್ಲ. ಸರ್ವರ್ ನಡೆಸಲು ಖರ್ಚಿದೆ ಎನ್ನುತ್ತಾರೆ, ನಿಜ. ಬೆಂಗಳೂರಿನಲ್ಲಿ ಕುಳಿತು ಗಂಗಾವತಿಯ ಮನೆಯ ದೀಪ ಆರಿಸುವ ಅನುಕೂಲಕ್ಕೆ ಯಾರಾದರೂ ತಿಂಗಳಿಗಿಷ್ಟು ಕೇಳಿದರೆ ಕೊಡುವವರು ಕೊಡಲಿ. ಮನೆಯೊಳಗಿನಿಂದಲೇ ಮನೆಯ ದೀಪ ಹಚ್ಚಲು ಆ ಖರ್ಚು ಹುಟ್ಟುವುದೇ ಇಲ್ಲವಾದ್ದರಿಂದ ಅದಕ್ಕೆ ಆ ವಾದ ಸಲ್ಲದು. ಸುರಕ್ಷತೆಯ ವಾದ ಇದಕ್ಕಿಂತ ಗಂಭೀರವಾದದ್ದು. ಉಪಕರಣವನ್ನು ತೆರೆದಿಟ್ಟರೆ ಕಳ್ಳರು ನುಗ್ಗುತ್ತಾರೆ, 230 ವೋಲ್ಟಿನ ವಸ್ತುವಿನಲ್ಲಿ ಯಾರೋ ಬರೆದ ತಂತ್ರಾಂಶ ಹಾಕಿ ಬೆಂಕಿ ಬಿದ್ದರೆ ಹೊಣೆ ಯಾರು ಎಂದು ಕೇಳುತ್ತಾರೆ. ವಿದ್ಯುತ್ ಕೆಲಸದವನಾಗಿ ಈ ಭಯ ನನಗೂ ಗೊತ್ತು. ಆದರೆ ಬೆಂಕಿಯಿಂದ ಕಾಯುವುದು ಫ್ಯೂಸು, ಎಂಸಿಬಿ, ಸರಿಯಾದ ಅಳತೆಯ ತಂತಿ, ರಿಲೇಯ ಗುಣಮಟ್ಟ. ಇವನ್ನು ತಂತ್ರಾಂಶದ ಬೀಗಕ್ಕೆ ಒಪ್ಪಿಸುವುದೇ ತಪ್ಪು. ಇನ್ನು ಕಳ್ಳರ ಮಾತು: ಮನೆಯ ಬೀಗಕ್ಕೆ ಕೀಲಿ ಬೇಕು, ಆ ಕೀಲಿ ಮನೆಯವರ ಬಳಿ ಇರಬೇಕು. ಪ್ರತಿ ಉಪಕರಣಕ್ಕೂ ಪೆಟ್ಟಿಗೆಯೊಳಗೇ ಅದರದೇ ಆದ ಗುಪ್ತಸಂಖ್ಯೆ ಇಟ್ಟು ಕೊಟ್ಟರೆ ಅದು ಸುರಕ್ಷಿತವೂ ಹೌದು, ಒಡೆಯನದೂ ಹೌದು. ಲಕ್ಷಾಂತರ ಮನೆಗಳ ಕೀಲಿಗಳನ್ನು ಒಂದೇ ಸರ್ವರಿನಲ್ಲಿ ನೇತುಹಾಕುವುದಕ್ಕಿಂತ ಇದು ಕ್ಷೇಮ. ದೀಪ ಎಷ್ಟು ಹೊತ್ತಿಗೆ ಹತ್ತುತ್ತದೆ, ಫ್ಯಾನ್ ಯಾವಾಗ ನಿಲ್ಲುತ್ತದೆ ಎಂಬ ದಿನಚರಿಯಿಂದ ಮನೆ ಯಾವಾಗ ಖಾಲಿ ಇರುತ್ತದೆಂದು ತಿಳಿಯುತ್ತದೆ. ಆ ದಿನಚರಿ ಮನೆಯ ಹೊರಗೆ ಹೋಗದಿರುವುದೇ ಅದಕ್ಕೆ ದೊಡ್ಡ ರಕ್ಷಣೆ.

ಇದೆಲ್ಲ ಆಗದ ಕೆಲಸವಲ್ಲ ಎಂಬುದಕ್ಕೆ ಉದ್ಯಮವೇ ಸಾಕ್ಷಿ ನುಡಿದಿದೆ. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಮೊದಲಾದವರು ಸೇರಿ ರೂಪಿಸಿ 2022ರ ಅಕ್ಟೋಬರ್‌ನಲ್ಲಿ ಹೊರತಂದ ಮ್ಯಾಟರ್ ಎಂಬ ಮಾನದಂಡದಲ್ಲಿ ಉಪಕರಣಗಳು ಮನೆಯ ಜಾಲದೊಳಗೇ ಪರಸ್ಪರ ಮಾತಾಡುತ್ತವೆ. ಅದರ ಗುರುತಿರುವ ಪೆಟ್ಟಿಗೆಯನ್ನೇ ಕೊಳ್ಳಿರೆಂದು ಗಿರಾಕಿಗಳಿಗೆ ನಾನೂ ಹೇಳುತ್ತೇನೆ. ಆದರೂ ಅಗ್ಗದ ಮಾಲು ಹೆಚ್ಚು ಮಾರಾಟವಾಗುವ ನಮ್ಮಂಥ ಊರುಗಳಲ್ಲಿ ಆ ಗುರುತಿನ ಪೆಟ್ಟಿಗೆಗಳು ವಿರಳ, ಮತ್ತು ಗುರುತಿದ್ದರೂ ತಂತ್ರಾಂಶ ನವೀಕರಣ ಎಷ್ಟು ವರ್ಷ ಸಿಗುತ್ತದೆಂಬುದು ಕಂಪನಿಯ ಮನಸ್ಸಿಗೆ ಬಿಟ್ಟದ್ದು. ಅಮೆರಿಕದ ವ್ಯಾಪಾರ ಆಯೋಗದ ಸಿಬ್ಬಂದಿ 2024ರಲ್ಲಿ 184 ಸ್ಮಾರ್ಟ್ ಉಪಕರಣಗಳ ಜಾಲತಾಣಗಳನ್ನು ಪರಿಶೀಲಿಸಿದಾಗ, ನವೀಕರಣ ಎಲ್ಲಿಯವರೆಗೆ ಸಿಗುತ್ತದೆಂಬ ಮಾಹಿತಿ ಸುಮಾರು 89 ಶೇಕಡಾ ಉಪಕರಣಗಳಲ್ಲಿ ಇರಲೇ ಇಲ್ಲ. ಬ್ರಿಟನ್ 2024ರ ಏಪ್ರಿಲ್ 29ರಿಂದ ಆ ಅವಧಿಯನ್ನು ಪ್ರಕಟಿಸುವುದು ಕಡ್ಡಾಯವೆಂದಿದೆ. ಯುರೋಪಿನ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 12ರಿಂದ ಉಪಕರಣ ಉತ್ಪಾದಿಸುವ ಮಾಹಿತಿಯ ಮೇಲೆ ಅದನ್ನು ಬಳಸುವವರಿಗೇ ಹಕ್ಕಿದೆ.

ನಮ್ಮಲ್ಲಿಯೂ ದಾರಿ ಅರ್ಧ ಸವೆದಿದೆ. ತಮ್ಮ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ಆರಂಭಿಸಿತು. ಅದರಲ್ಲಿ ಕೃಷಿ ಉಪಕರಣಗಳೂ ಗೃಹೋಪಯೋಗಿ ವಸ್ತುಗಳೂ ಸೇರಿವೆ. ಸಿಸಿಟಿವಿ ಕ್ಯಾಮೆರಾಗಳು ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಮಾರಾಟಕ್ಕೆ ಯೋಗ್ಯವೆಂಬ ನಿಯಮವನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಜಾರಿಗೆ ತಂದಿತು. ವಂಚಿಸುವ ಆ್ಯಪ್ ವಿನ್ಯಾಸಗಳ ವಿರುದ್ಧ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಹೆಸರಿಸಿತು. ಸಂಸತ್ತಿನಲ್ಲಿ ಹೊಸ ಕಾಯ್ದೆ ಬರುವವರೆಗೆ ಕಾಯದೆ, ಇರುವ ಗ್ರಾಹಕ ಸಂರಕ್ಷಣಾ ಕಾಯ್ದೆಯ 18ನೇ ಕಲಮಿನ ಅಧಿಕಾರದಲ್ಲೇ ಅದು ಆಯಿತು. ಅದೇ ದಾರಿಯಲ್ಲಿ ಇನ್ನೊಂದು ಮಾರ್ಗಸೂಚಿ ಬರಲಿ. ಉಪಕರಣದ ಮೂಲ ಕೆಲಸ, ಅಂದರೆ ಹಚ್ಚುವುದು, ಆರಿಸುವುದು, ತೆರೆಯುವುದು, ಮುಚ್ಚುವುದು, ಅಳೆದು ತೋರಿಸುವುದು, ಇವು ಇಂಟರ್‌ನೆಟ್ ಇಲ್ಲದೆಯೂ ಖಾತೆ ತೆರೆಯದೆಯೂ ಆಗಬೇಕೆಂದು ಅದು ಹೇಳಲಿ. ಸರ್ವರ್ ಮುಚ್ಚುವ ಕಂಪನಿ ಮುಚ್ಚುವ ಮೊದಲು ಬೀಗದ ಕೀಲಿಯನ್ನು ಕೊಂಡವರಿಗೆ ಬಿಡುಗಡೆ ಮಾಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕೆಂದು ಹೇಳಲಿ. 30 ದಿನದ ಇಂಗ್ಲಿಷ್ ಸೂಚನೆ ಸೂಚನೆಯೇ ಅಲ್ಲ. ಕನಿಷ್ಠ ಒಂದು ವರ್ಷ ಮೊದಲು, ಕೊಂಡವರ ಭಾಷೆಯಲ್ಲಿ ತಿಳಿಸಬೇಕು.

ಪೆಟ್ಟಿಗೆಯ ಮೇಲಿನ ಮಾತು ಇದಕ್ಕಿಂತಲೂ ಸುಲಭ. ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ದೇಶವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಕಾನೂನು ಮಾಪನ ನಿಯಮಗಳು ತಮ್ಮ ಇಲಾಖೆಯ ಅಧೀನದಲ್ಲಿವೆ. ಅವುಗಳ ಜೊತೆ ಎರಡು ಸಾಲು ಸೇರಲಿ: "ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುತ್ತದೆ" ಅಥವಾ "ಮಾಡುವುದಿಲ್ಲ", "ಈ ದಿನಾಂಕದವರೆಗೆ ಸೇವೆ ಖಚಿತ". ಚಾವಣಿ ಫ್ಯಾನುಗಳಿಗೆ 2023ರ ಜನವರಿಯಿಂದ ಸ್ಟಾರ್ ಗುರುತು ಕಡ್ಡಾಯವಾದ ಮೇಲೆ, ಅಕ್ಷರ ಓದಲು ಬಾರದ ಹೆಂಗಸರೂ ನನ್ನ ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ ನಕ್ಷತ್ರ ಎಣಿಸಿ ಕೊಳ್ಳುತ್ತಾರೆ. ಜನರಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿದ್ದರೆ 2021ರಲ್ಲಿ ನಾನೂ ಅದನ್ನು ಓದಿ, ತಾಯಿಯ ಕೋಣೆಗೆ ಬೇರೆಯದನ್ನೇ ತರುತ್ತಿದ್ದೆ.

ಆ 8 ಮನೆಗಳಿಂದ ಬಿಚ್ಚಿ ತಂದ 31 ಮಾಡ್ಯೂಲ್‌ಗಳು ಅಕ್ಕಿಯ ಚೀಲವೊಂದರಲ್ಲಿ ನನ್ನ ಅಂಗಡಿಯ ಅಟ್ಟದ ಮೇಲಿವೆ. ಪ್ರತಿಯೊಂದಕ್ಕೂ ಮನೆಯ ಸಂಖ್ಯೆ, ಹಾಕಿದ ದಿನಾಂಕ, ಕಿತ್ತ ದಿನಾಂಕದ ಚೀಟಿ ಅಂಟಿಸಿದ್ದೇನೆ. ಬಿಲ್ಲಿನ ಪ್ರತಿಗಳನ್ನೂ ಇಟ್ಟಿದ್ದೇನೆ. ತಮ್ಮ ಇಲಾಖೆಯ ಪರೀಕ್ಷಾ ಪ್ರಯೋಗಾಲಯ ಕೇಳಿದ ದಿನವೇ ಅವನ್ನು ಕಳಿಸಿಕೊಡುತ್ತೇನೆ. ರಿಲೇಗಳಿಗೆ ಕರೆಂಟ್ ಕೊಟ್ಟು ನೋಡಲು ದಯವಿಟ್ಟು ಹೇಳಿ. ಎಲ್ಲವೂ ಸುಸ್ಥಿತಿಯಲ್ಲಿವೆ.

ತಮ್ಮ ವಿಶ್ವಾಸಿ,
ಒಬ್ಬ ವಿದ್ಯುತ್ ಗುತ್ತಿಗೆದಾರ
ಗಂಗಾವತಿ, ಕೊಪ್ಪಳ ಜಿಲ್ಲೆ